ಮದ್ದನ್ನು ಅಳೆಯುವ ತಂತಿ



ಎರಡು ವರ್ಷಗಳ ಹಿಂದಿನ ಮಾತು. ನಮ್ಮ ಮನೆಯಲ್ಲಿ ರಾತ್ರಿ ಹೆಪ್ಪು ಹಾಕಿಟ್ಟ ಹಾಲು ಬೆಳಗಾದರೂ ಮೊಸರಾಗಲಿಲ್ಲ. ಚಳಿಗಾಲವಾದ್ದರಿಂದ ಮೊದಲ ದಿನ ಅಪವಾದ ಚಳಿಯ ಮೇಲೆ ಬಂತು. ಮರುದಿನ ಪಾತ್ರೆಗೆ ಕಂಬಳಿ ಹೊದಿಸಿ, ಒಲೆಯ ಮಗ್ಗುಲಲ್ಲಿ ಇಟ್ಟದ್ದಾಯಿತು. ಫಲವಿಲ್ಲ. ಆಗ ಅಪವಾದ ಹೆಪ್ಪಿನ ಮೇಲೆ ಹೋಯಿತು. ನೆರೆಮನೆಯಿಂದ ಹೊಸ ಹೆಪ್ಪು ತರಿಸಿದೆವು. ಮೂರನೆಯ ದಿನವೂ ಹಾಲು ಹಾಲಾಗಿಯೇ ಉಳಿದು, ಒಂದು ಬಗೆಯ ಕಹಿ ವಾಸನೆ ಹೊಡೆಯಿತು. ಕೊನೆಗೆ ಹಾಲು ಕೊಡುವ ಹೆಂಗಸನ್ನೇ ಕೇಳಿದಾಗ ಗುಟ್ಟು ಹೊರಬಿತ್ತು. ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಪಶುವೈದ್ಯರು ಮೊಲೆಯೊಳಗೆ ಮದ್ದು ಏರಿಸಿದ್ದರು. ಕೆಲವು ದಿನ ಈ ಹಾಲನ್ನು ಯಾರಿಗೂ ಕೊಡಬೇಡಿ ಎಂದೂ ಹೇಳಿದ್ದರು. ಆಕೆ ಬಡವಿ, ಎರಡು ಹೊತ್ತಿನ ಹಾಲನ್ನು ಚೆಲ್ಲುವುದಕ್ಕೆ ಮನಸ್ಸು ಬರಲಿಲ್ಲ. ಅವಳ ಮೇಲೆ ನಾನು ಕೋಪಿಸಿಕೊಳ್ಳಲಾರದೆ ಹೋದೆ.

ನಾನು ಮೂವತ್ತು ವರ್ಷಕಾಲ ಕಾಲೇಜಿನ ಹುಡುಗರಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನು. ಆದರೂ ಹಾಲಿನಲ್ಲಿ ಪ್ರತಿಜೈವಿಕ ಔಷಧ, ಅಂದರೆ ನಾವೆಲ್ಲ ಆಂಟಿಬಯೊಟಿಕ್ ಎಂದು ಕರೆಯುವ ಮದ್ದು, ಬೆರೆತಿದೆ ಎಂಬುದನ್ನು ಮೊದಲು ಕಂಡುಹಿಡಿದದ್ದು ನಾನಲ್ಲ. ಹೆಪ್ಪಿನಲ್ಲಿದ್ದ ಸೂಕ್ಷ್ಮಜೀವಿಗಳು. ಹಾಲನ್ನು ಹುಳಿ ಮಾಡುವ ಆ ಬಡಪಾಯಿಗಳು ಮದ್ದಿನ ಪ್ರಭಾವಕ್ಕೆ ಸಿಕ್ಕಿ ಬೆಳೆಯಲಿಲ್ಲ. ಬೆಳೆಯದೆ ಹೋದದ್ದೇ ಅವು ನಮಗೆ ಕೊಟ್ಟ ವರದಿ. ಹಾಲನ್ನು ಕಾಯಿಸಿದ ಮಾತ್ರಕ್ಕೆ ಇಂಥ ಮದ್ದು ಪೂರ್ತಿ ನಾಶವಾಗುವುದಿಲ್ಲ ಎಂಬುದನ್ನು ಈ ಸಂದರ್ಭದಲ್ಲಿ ತಾವು ಗಮನಿಸಬೇಕು.

ಆದರೆ ಈ ವರದಿಗಾರರಿಂದ ಇನ್ನೆರಡು ಪ್ರಶ್ನೆಗಳಿಗೆ ಉತ್ತರ ಪಡೆಯುವುದು ಕಷ್ಟ. ಯಾವ ಮದ್ದು? ಎಷ್ಟು ಮದ್ದು? ಮೇಲಾಗಿ ಉತ್ತರ ಬರುವುದಕ್ಕೆ ಒಂದು ರಾತ್ರಿ ಬೇಕು. ಮೊಸರಿನ ವಿಷಯದಲ್ಲಿ ಒಂದು ರಾತ್ರಿ ದೊಡ್ಡದಲ್ಲ. ತೀವ್ರ ನಿಗಾ ಘಟಕದಲ್ಲಿ ಮಲಗಿದ ರೋಗಿಯ ರಕ್ತದ ವಿಷಯದಲ್ಲಿ ಅದು ಬಹಳ ದೊಡ್ಡದು.

ಇದು ಹೊಸ ಕಷ್ಟವೇನೂ ಅಲ್ಲ. ಪೆನಿಸಿಲಿನ್ ಮನುಷ್ಯನ ಕೈಗೆ ಬಂದ ದಿನದಿಂದಲೂ ಇದ್ದದ್ದು. 1928ರಲ್ಲಿ ಲಂಡನ್ನಿನಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಬೂಷ್ಟಿನ ಈ ಗುಣವನ್ನು ಕಂಡದ್ದು ಎಲ್ಲರಿಗೂ ತಿಳಿದ ಕಥೆ. ಆದರೆ ಅದನ್ನು ಮದ್ದಾಗಿ ಮಾಡಿದವರು ಆಕ್ಸ್‌ಫರ್ಡಿನ ಹೋವರ್ಡ್ ಫ್ಲೋರಿ, ಅರ್ನ್ಸ್ಟ್ ಚೇನ್ ಮತ್ತು ಅವರ ಸಂಗಡಿಗರು. ಆ ಸಂಗಡಿಗರಲ್ಲಿ ನಾರ್ಮನ್ ಹೀಟ್ಲಿ ಎಂಬ ತರುಣನೊಬ್ಬನಿದ್ದ. ಯುದ್ಧದ ಕಾಲ, ಪಾತ್ರೆಪದಾರ್ಥಗಳಿಗೆ ಬರ. ಬೂಷ್ಟು ಬೆಳೆಸಲು ರೋಗಿಗಳ ಮಲಪಾತ್ರೆಗಳು ಬಹಳ ಅನುಕೂಲ ಎಂದು ಕಂಡುಕೊಂಡು, ಅದೇ ಮಾದರಿಯಲ್ಲಿ ಪಿಂಗಾಣಿ ಪಾತ್ರೆಗಳನ್ನು ಮಾಡಿಸಿದವನು ಈತ. ಬಂದ ರಸದಲ್ಲಿ ಪೆನಿಸಿಲಿನ್ ಎಷ್ಟಿದೆ ಎಂದು ಅಳೆಯುವ ಉಪಾಯವೂ ಈತನದೇ. ಸೂಕ್ಷ್ಮಜೀವಿಗಳನ್ನು ಬಿತ್ತಿದ ತಟ್ಟೆಯ ಮೇಲೆ ಚಿಕ್ಕ ಚಿಕ್ಕ ಕೊಳವೆಗಳನ್ನು ನಿಲ್ಲಿಸಿ, ಅವುಗಳಲ್ಲಿ ರಸ ತುಂಬಿ ಇಡುವುದು. ಮರುದಿನ ನೋಡಿದರೆ ಕೊಳವೆಯ ಸುತ್ತ ಜೀವಿಗಳು ಬೆಳೆಯದ ಒಂದು ಬೋಳು ವೃತ್ತ. ವೃತ್ತದ ಅಗಲ ಅಳೆದರೆ ಮದ್ದಿನ ಬಲ ಗೊತ್ತಾಯಿತು. ನಮ್ಮ ಮನೆಯ ಮೊಸರಿನ ಪಾತ್ರೆಯೂ ಹೀಟ್ಲಿಯ ತಟ್ಟೆಯೂ ಒಂದೇ ಜಾತಿಯವು. ಹೀಟ್ಲಿಯದು ಲೆಕ್ಕ ಕಲಿತದ್ದು, ಅಷ್ಟೇ.

1941ರ ಫೆಬ್ರವರಿ 12ರಂದು ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೋಲೀಸಿನವನಿಗೆ ಆ ಪೆನಿಸಿಲಿನ್ ಚುಚ್ಚಿದರು. ಮುಖವೆಲ್ಲ ಕೀವು ತುಂಬಿ ಸಾಯುತ್ತಿದ್ದ ಮನುಷ್ಯ ಎರಡೇ ದಿನಗಳಲ್ಲಿ ಚೇತರಿಸಿಕೊಂಡ. ಆದರೆ ಮದ್ದಿನ ದಾಸ್ತಾನು ಐದು ದಿನಕ್ಕೇ ಮುಗಿಯುತ್ತ ಬಂತು. ಮೈಗೆ ಹೋದ ಪೆನಿಸಿಲಿನ್ನಿನ ಬಹುಭಾಗ ಮೂತ್ರದಲ್ಲಿ ಹೊರಬರುತ್ತಿದೆ ಎಂಬುದು ಅವರಿಗೆ ತಿಳಿದಿತ್ತು. ಆದ್ದರಿಂದ ರೋಗಿಯ ಮೂತ್ರವನ್ನು ಬೈಸಿಕಲ್ಲಿನ ಮೇಲೆ ಪ್ರಯೋಗಶಾಲೆಗೆ ಸಾಗಿಸಿ, ಅದರಿಂದ ಮದ್ದನ್ನು ಮರಳಿ ತೆಗೆದು, ಮರಳಿ ಅವನಿಗೇ ಚುಚ್ಚಿದರು. ಅದೂ ಸಾಲದೆ ಹೋಯಿತು. ಮಾರ್ಚ್ 15ರಂದು ಆತ ತೀರಿಕೊಂಡ. ಆಕ್ಸ್‌ಫರ್ಡಿನ ಬೀದಿಗಳಲ್ಲಿ ಓಡಾಡಿದ ಆ ಬೈಸಿಕಲ್ಲನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಚುರುಕ್ಕೆನ್ನುತ್ತದೆ. ಮದ್ದು ಎಷ್ಟು ಒಳಹೋಯಿತು, ಎಷ್ಟು ಹೊರಬಂತು, ಎಷ್ಟು ಉಳಿಯಿತು ಎಂಬ ಲೆಕ್ಕದ ಮೇಲೆ ಒಂದು ಪ್ರಾಣ ನಿಂತಿತ್ತು. (ಹೀಟ್ಲಿಗೆ ನೊಬೆಲ್ ಪಾರಿತೋಷಕ ಬರಲಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ 1990ರಲ್ಲಿ, ಐವತ್ತು ವರ್ಷ ತಡವಾಗಿ, ಗೌರವ ವೈದ್ಯಪದವಿ ಕೊಟ್ಟಿತು.)

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ಪೋಲೀಸಿನವನಿಗೆ ಸೂಜಿ ಚುಚ್ಚುವ ಮೊದಲೇ, 1940ರ ಡಿಸೆಂಬರಿನಲ್ಲಿ, ಚೇನ್ ಮತ್ತು ಎಡ್ವರ್ಡ್ ಏಬ್ರಹಾಂ ಎಂಬಿಬ್ಬರು ಒಂದು ಚಿಕ್ಕ ಪತ್ರ ಪ್ರಕಟಿಸಿದ್ದರು: ಕೆಲವು ಸೂಕ್ಷ್ಮಜೀವಿಗಳ ಬಳಿ ಪೆನಿಸಿಲಿನ್ನನ್ನು ಮುರಿದುಹಾಕುವ ಒಂದು ಕಿಣ್ವವಿದೆ. ಅದಕ್ಕೆ ಪೆನಿಸಿಲಿನೇಸ್ ಎಂದು ಹೆಸರಿಟ್ಟರು. ಅಸ್ತ್ರ ಪ್ರಯೋಗವಾಗುವ ಮೊದಲೇ ಪ್ರತ್ಯಸ್ತ್ರ ಶತ್ರುವಿನ ಬತ್ತಳಿಕೆಯಲ್ಲಿತ್ತು. ಇಂದು ಆಸ್ಪತ್ರೆಗಳನ್ನು ಕಾಡುತ್ತಿರುವ ಔಷಧ ನಿರೋಧದ ಬಹುಪಾಲು ಕಥೆ ಈ ಕಿಣ್ವದ ಮತ್ತು ಅದರ ಮಕ್ಕಳು ಮರಿಗಳ ಕಥೆಯೇ. ಆದರೆ ನಾನು ಈಗ ಹೇಳಹೊರಟಿರುವುದು ಆ ಪ್ರತ್ಯಸ್ತ್ರವನ್ನೇ ಕಸಿದು ತಂದು ಕೆಲಸಕ್ಕೆ ಹಚ್ಚಿದ ಬಗೆ.

ಪೆನಿಸಿಲಿನೇಸ್ ಮಾಡುವ ಕೆಲಸ ಬಹಳ ಸರಳ. ಪೆನಿಸಿಲಿನ್ ಅಣುವಿನ ನಡುವೆ ನಾಲ್ಕು ಮೂಲೆಯ ಒಂದು ಬಿಗಿಯಾದ ಉಂಗುರವಿದೆ. ಕಿಣ್ವ ಅದನ್ನು ಕತ್ತರಿಸುತ್ತದೆ. ಕತ್ತರಿಸಿದಾಗ ಹುಟ್ಟುವ ವಸ್ತು ಒಂದು ಆಮ್ಲ. ಆಮ್ಲ ಹುಟ್ಟಿತೆಂದರೆ ಹೈಡ್ರೊಜನ್ ಅಯಾನುಗಳು ಬಿಡುಗಡೆಯಾದುವು ಎಂದರ್ಥ. ಅವನ್ನು ಅಳೆಯುವ ಗಾಜಿನ ವಿದ್ಯುದಗ್ರವಾದರೋ ಪ್ರತಿಯೊಂದು ಕಾಲೇಜಿನ ಪ್ರಯೋಗಶಾಲೆಯಲ್ಲೂ ಇರುವ ಪದಾರ್ಥ. ಹಾಗಾದರೆ ಗಾಜಿನ ಬುಡ್ಡಿಯ ಮೈಗೆ ಈ ಕಿಣ್ವವನ್ನು ಅಂಟಿಸಿಬಿಟ್ಟರೆ? ಬುಡ್ಡಿಯನ್ನು ದ್ರವದಲ್ಲಿ ಅದ್ದಿದಾಗ, ಪೆನಿಸಿಲಿನ್ ಇದ್ದರೆ ಕಿಣ್ವ ಕತ್ತರಿಸುತ್ತದೆ, ಆಮ್ಲ ಹುಟ್ಟುತ್ತದೆ, ಮುಳ್ಳು ಓಲುತ್ತದೆ. ಇಲ್ಲದಿದ್ದರೆ ಮುಳ್ಳು ಸುಮ್ಮನಿರುತ್ತದೆ. ಹೆಚ್ಚು ಇದ್ದಷ್ಟೂ ಹೆಚ್ಚು ಓಲುತ್ತದೆ. ಯಾವ ಮದ್ದು, ಎಷ್ಟು ಮದ್ದು, ಎರಡಕ್ಕೂ ಉತ್ತರ ಒಂದೇ ಏಟಿಗೆ, ಅದೂ ನಿಮಿಷಗಳಲ್ಲಿ.

ಕಿಣ್ವವನ್ನೂ ವಿದ್ಯುದಗ್ರವನ್ನೂ ಹೀಗೆ ಜೋಡಿಸಬಹುದೆಂಬ ವಿಚಾರ ಅಮೆರಿಕದ ಲೀಲೆಂಡ್ ಕ್ಲಾರ್ಕ್ ಎಂಬಾತನದು. 1962ರಲ್ಲಿ ಆತ ಸಕ್ಕರೆಯನ್ನು ಅಳೆಯುವುದಕ್ಕಾಗಿ ಅದನ್ನು ಸೂಚಿಸಿದ. ಮಧುಮೇಹಿಗಳು ಬೆರಳ ತುದಿಯ ಹನಿ ರಕ್ತದಿಂದ ಸಕ್ಕರೆ ನೋಡಿಕೊಳ್ಳುವ ಇಂದಿನ ಚಿಕ್ಕ ಯಂತ್ರ ಆ ವಂಶದ್ದೇ. ಪೆನಿಸಿಲಿನ್ನಿಗೆ ಇಂಥ ವಿದ್ಯುದಗ್ರ 1973ರಲ್ಲಿ ಬಂತು. 1980ರಲ್ಲಿ ಅದೇ ಕಿಣ್ವವನ್ನು ಟ್ರಾನ್ಸಿಸ್ಟರಿನ ಜಾತಿಯ ಒಂದು ಸಣ್ಣ ಚೂರಿನ ಮೇಲೆ ಕೂರಿಸಿದರು.

ಸರಿ, ಕೆಲಸ ಮುಗಿಯಿತಲ್ಲ ಎನ್ನುವಿರೇನೋ. ಬೂಷ್ಟು ಬೆಳೆಸುವ ಕಾರ್ಖಾನೆಯ ಹಂಡೆಯಲ್ಲಾದರೆ ಹೆಚ್ಚುಕಡಮೆ ಹಾಗೆ ಹೇಳಬಹುದು. ರಕ್ತ ಅಷ್ಟು ಸುಲಭಕ್ಕೆ ಬಗ್ಗುವ ದ್ರವವಲ್ಲ. ರಕ್ತದ ಆಮ್ಲತೆ ಅಣುವಿನಷ್ಟೂ ಅತ್ತಿತ್ತ ಸರಿಯದಂತೆ ದೇಹ ಕಾವಲಿಟ್ಟಿದೆ. ಒಂದಿಷ್ಟು ಆಮ್ಲ ಹುಟ್ಟಿದ ಕೂಡಲೆ ಬೈಕಾರ್ಬೊನೇಟು ಮೊದಲಾದ ಕಾವಲುಗಾರರು ಅದನ್ನು ನುಂಗಿಬಿಡುತ್ತಾರೆ. ನಮ್ಮ ಮುಳ್ಳಿಗೆ ಓಲಲು ಉಳಿಯುವುದು ಅಲ್ಪ. ಅದಲ್ಲದೆ ರಕ್ತದ ಪ್ರೋಟೀನುಗಳಿಗೆ ಯಾವ ಹೊಸ ವಸ್ತುವನ್ನು ಕಂಡರೂ ಹೋಗಿ ಅಂಟಿಕೊಳ್ಳುವ ಚಾಳಿ. ಸ್ವಲ್ಪ ಹೊತ್ತಿನಲ್ಲೇ ವಿದ್ಯುದಗ್ರದ ಕಣ್ಣಿಗೆ ಪೊರೆ ಬರುತ್ತದೆ. ಇನ್ನು ವಿದ್ಯುತ್ ಪ್ರವಾಹವನ್ನೇ ಅಳೆಯುವ ಬೇರೆ ವಿಧಾನಗಳಿಗೆ ಹೋದರೆ, ರಕ್ತದಲ್ಲಿ ಸಹಜವಾಗಿಯೇ ಇರುವ ಯೂರಿಕ್ ಆಮ್ಲ, ವಿಟಮಿನ್ ಸಿ ಮುಂತಾದವು ತಾವೂ ಇಲೆಕ್ಟ್ರಾನುಗಳನ್ನು ಕೊಟ್ಟು, ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳದಂತೆ ಮಾಡುತ್ತವೆ.

ಮದ್ದನ್ನು ಇಷ್ಟು ಕಷ್ಟಪಟ್ಟು ಏಕೆ ಅಳೆಯಬೇಕು, ವೈದ್ಯರು ತೂಕ ನೋಡಿ ಕೊಟ್ಟರೆ ಸಾಲದೆ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಶಾಸ್ತ್ರ ಹೇಳುವ ಬದಲು ನನ್ನ ಅಕ್ಕನ ಸಂಗತಿ ಹೇಳುತ್ತೇನೆ.

1967ರಲ್ಲಿ ಅಕ್ಕನಿಗೆ ಇಪ್ಪತ್ತು ವರ್ಷ. ಮಲೆನಾಡಿನ ನಮ್ಮ ಊರಿನಲ್ಲಿ ಮಳೆಗಾಲವಿಡೀ ಕೆಮ್ಮಿದಳು. ಕ್ಷಯವೆಂದು ಗೊತ್ತಾಯಿತು. ಆ ಕಾಲಕ್ಕೆ ಸ್ಟ್ರೆಪ್ಟೊಮೈಸಿನ್ ಬಂದು ಎರಡು ದಶಕವಾಗಿತ್ತು. 1943ರಲ್ಲಿ ಅಮೆರಿಕದ ರಟ್‌ಗರ್ಸ್‌ನಲ್ಲಿ ವಾಕ್ಸ್‌ಮನ್ನರ ಶಿಷ್ಯ ಆಲ್ಬರ್ಟ್ ಶಾಟ್ಸ್ ಮಣ್ಣಿನ ಜೀವಿಯಿಂದ ತೆಗೆದ ಈ ಮದ್ದು, ಕ್ಷಯವೆಂದರೆ ಸಾವು ಎಂಬ ಸಮೀಕರಣವನ್ನು ಅಳಿಸಿದ್ದು. ದಿನಕ್ಕೆ ಒಂದು ಗ್ರಾಂ ಚುಚ್ಚುಮದ್ದು. ಮೂರು ಮೈಲಿ ನಡೆದು ಹೋಗಿ ಕಾಂಪೌಂಡರರ ಕೈಯಲ್ಲಿ ಚುಚ್ಚಿಸಿಕೊಂಡು ಮೂರು ಮೈಲಿ ನಡೆದು ಬರುವುದು. ಆಗ ಅವಳ ತೂಕ ಅಕ್ಕಿಯ ಅರೆಮೂಟೆಯಷ್ಟೂ ಇರಲಿಲ್ಲ. ಆದರೂ ಎಂಬತ್ತು ಕಿಲೋದ ಗಂಡಾಳಿಗೂ ಅವಳಿಗೂ ಅದೇ ಒಂದು ಗ್ರಾಂ. ಐದಾರು ವಾರ ಕಳೆಯುವಾಗ ತಲೆ ತಿರುಗುತ್ತದೆ ಎಂದಳು. ನಿಶ್ಶಕ್ತಿ, ಹಾಲು ಮೊಟ್ಟೆ ಕೊಡಿ ಎಂಬ ಉತ್ತರ ಬಂತು. ಚುಚ್ಚುಮದ್ದು ಮುಂದುವರಿಯಿತು. ಕ್ಷಯ ವಾಸಿಯಾಯಿತು, ಅದಕ್ಕೆ ನಾವು ಇಂದಿಗೂ ಋಣಿಗಳು. ಆದರೆ ತಲೆಸುತ್ತು ಹೋದ ಮೇಲೆ ಉಳಿದದ್ದು ಬೇರೆಯೇ ಒಂದು ಕೊರತೆ. ನಮ್ಮ ಒಳಗಿವಿಯಲ್ಲಿ ದೇಹದ ಸಮತೋಲ ಕಾಯುವ ಕೂದಲಿನಂಥ ಎಳೆಗಳುಳ್ಳ ಕೋಶಗಳಿವೆ. ಸ್ಟ್ರೆಪ್ಟೊಮೈಸಿನ್ ರಕ್ತದಲ್ಲಿ ಮಿತಿಮೀರಿದರೆ ಅವನ್ನು ಕೊಲ್ಲುತ್ತದೆ. ಒಮ್ಮೆ ಸತ್ತವು ಮತ್ತೆ ಹುಟ್ಟುವುದಿಲ್ಲ. ಹಗಲಿನಲ್ಲಿ ಅಕ್ಕ ಎಲ್ಲರಂತೆ ನಡೆಯುತ್ತಾಳೆ, ಕಣ್ಣಿನ ಆಸರೆ ಇರುವುದರಿಂದ. ಕತ್ತಲಾದರೆ ಕಾಲುಗಳನ್ನು ಅಗಲಿಸಿ, ಗೋಡೆ ಹಿಡಿದೇ ಹೆಜ್ಜೆ ಇಡಬೇಕು. ನಡೆಯುವಾಗ ಅಂಗಡಿಯ ಬೋರ್ಡುಗಳು ಕುಣಿಯುತ್ತವೆ, ನಿಂತರೆ ಮಾತ್ರ ಓದಬಹುದು ಎನ್ನುತ್ತಾಳೆ. ಇದು ಐವತ್ತು ವರ್ಷಕ್ಕೂ ಮೇಲ್ಪಟ್ಟ ಸಂಗತಿ.

ಸ್ಟ್ರೆಪ್ಟೊಮೈಸಿನ್, ಕೆನಮೈಸಿನ್, ಜೆಂಟಮೈಸಿನ್, ಟೋಬ್ರಮೈಸಿನ್ ಇವೆಲ್ಲ ಒಂದೇ ಕುಟುಂಬದವು. ಕಡಮೆಯಾದರೆ ರೋಗ ಗೆಲ್ಲುತ್ತದೆ. ಹೆಚ್ಚಾದರೆ ಮೂತ್ರಪಿಂಡಕ್ಕೂ ಕಿವಿಗೂ ಅಪಾಯ. ನಡುವಿನ ದಾರಿ ಬಹಳ ಇಕ್ಕಟ್ಟು. ಜೆಂಟಮೈಸಿನ್ನನ್ನು ದಿನಕ್ಕೆ ಎರಡು ಮೂರು ಬಾರಿ ಕೊಡುವ ಕ್ರಮದಲ್ಲಿ, ಮುಂದಿನ ಚುಚ್ಚುಮದ್ದಿನ ಹೊತ್ತಿಗೆ ರಕ್ತದಲ್ಲಿ ಲೀಟರಿಗೆ 2 ಮಿಲಿಗ್ರಾಮಿಗಿಂತ ಕಡಮೆಗೆ ಅದು ಇಳಿದಿರಬೇಕು ಎಂಬುದು ವೈದ್ಯರು ಬಹುಕಾಲದಿಂದ ಪಾಲಿಸಿದ ನಿಯಮ. ಈ ಮದ್ದುಗಳನ್ನು ಹೊರಹಾಕುವುದೂ ಮೂತ್ರಪಿಂಡವೇ, ಇವುಗಳಿಂದ ಕೆಡುವುದೂ ಮೂತ್ರಪಿಂಡವೇ. ಕೆಟ್ಟಷ್ಟೂ ಮದ್ದು ಒಳಗೆ ನಿಲ್ಲುತ್ತದೆ, ನಿಂತಷ್ಟೂ ಇನ್ನಷ್ಟು ಕೆಡುತ್ತದೆ. ರಕ್ತ ತೆಗೆದು ಪ್ರಯೋಗಶಾಲೆಗೆ ಕಳಿಸಿದರೆ ಇಂದು ಉತ್ತರ ಖಂಡಿತ ಸಿಗುತ್ತದೆ, ಆದರೆ ಅದು ರಕ್ತ ತೆಗೆದ ಗಳಿಗೆಯ ಉತ್ತರ. ಜ್ವರವೇರಿ ಗಳಿಗೆಗೊಂದು ಬಣ್ಣ ತಾಳುವ ರೋಗಿಯಲ್ಲಿ ಕಾಗದ ಕೈಸೇರುವಷ್ಟರಲ್ಲಿ ಪರಿಸ್ಥಿತಿ ಬದಲಾಗಿರುತ್ತದೆ.

ಈ ಕುಟುಂಬಕ್ಕೆ ಪೆನಿಸಿಲಿನೇಸಿನ ಉಪಾಯ ಸಲ್ಲುವುದಿಲ್ಲ. ಇದಕ್ಕೆ ಕಂಡುಕೊಂಡದ್ದು ಇನ್ನೊಂದು ದಾರಿ, ಅದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ.

ವಂಶವಾಹಿ ವಸ್ತುವಾದ ಡಿ.ಎನ್.ಎ. ಒಂದು ಎಳೆಯೆಂದು ತಾವು ಬಲ್ಲಿರಿ. ಜೋಡಿಯಿಲ್ಲದ ಒಂಟಿ ಎಳೆ ತನ್ನ ಅಕ್ಷರಗಳ ಕ್ರಮಕ್ಕೆ ತಕ್ಕಂತೆ ಮಡಿಸಿಕೊಂಡು ನಾನಾ ಆಕಾರ ತಾಳುತ್ತದೆ. ಅಕ್ಷರಗಳನ್ನು ಮನಬಂದಂತೆ ಜೋಡಿಸಿ ಕೋಟಿ ಕೋಟಿ ಕೋಟಿ ಎಳೆಗಳನ್ನು ತಯಾರಿಸಿ, ಅವುಗಳಲ್ಲಿ ಯಾವುದು ನಮಗೆ ಬೇಕಾದ ಅಣುವನ್ನು ಅಪ್ಪಿಕೊಳ್ಳುತ್ತದೋ ಅದನ್ನು ಮಾತ್ರ ಸೋಸಿ ತೆಗೆಯುವ ವಿಧಾನವನ್ನು 1990ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿಕೊಟ್ಟವು. ಹೀಗೆ ಆರಿಸಿದ ಎಳೆಗೆ ಆಪ್ಟಮರ್ ಎಂದು ಹೆಸರು. ಟೋಬ್ರಮೈಸಿನ್ನನ್ನು ಅಪ್ಪುವ ಎಳೆಯೂ ಉಂಟು, ಕೆನಮೈಸಿನ್ನನ್ನು ಅಪ್ಪುವುದೂ ಉಂಟು.

ಈಗ ಒಂದು ಚಿನ್ನದ ತಂತಿಯನ್ನು ತೆಗೆದುಕೊಳ್ಳಿ. ಗಂಧಕದ ಅಣುವಿನ ಕೊಂಡಿ ಹಾಕಿ ಇಂಥ ಎಳೆಗಳ ಒಂದು ತುದಿಯನ್ನು ಅದಕ್ಕೆ ಕಟ್ಟುತ್ತಾರೆ. ಚಿನ್ನಕ್ಕೂ ಗಂಧಕಕ್ಕೂ ಬಿಡದ ಸ್ನೇಹ. ಇನ್ನೊಂದು ತುದಿಗೆ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಅಣುವನ್ನು ಸಿಕ್ಕಿಸುತ್ತಾರೆ. ಇದು ಡೈರಿಯವರಿಗೆ ಬಹಳ ಕಾಲದಿಂದ ಪರಿಚಿತವಾದ ಬಣ್ಣ: ಹಾಲಿಗೆ ಇದನ್ನು ಬೆರೆಸಿಟ್ಟರೆ, ಸೂಕ್ಷ್ಮಜೀವಿಗಳು ತುಂಬಿದ ಹಾಲು ಬೇಗನೆ ನೀಲಿಯನ್ನು ಕಳೆದು ಬೆಳ್ಳಗಾಗುತ್ತದೆ. ಇಲೆಕ್ಟ್ರಾನುಗಳು ಸಿಕ್ಕಿದರೆ ಬಣ್ಣ ಬಿಡುವುದು ಅದರ ಸ್ವಭಾವ. ಡೈರಿಯಲ್ಲಿ ಇಲೆಕ್ಟ್ರಾನುಗಳನ್ನು ಕೊಡುವುದು ಜೀವಿಗಳು. ಇಲ್ಲಿ ಕೊಡುವುದು ಚಿನ್ನದ ತಂತಿ. ಮದ್ದಿನ ಅಣು ಬಂದಾಗ ಎಳೆ ಅದನ್ನು ಅಪ್ಪಿ ಮಡಿಚಿಕೊಳ್ಳುತ್ತದೆ. ನೀಲಿ ಅಣು ತಂತಿಯ ಸಮೀಪಕ್ಕೆ ಬರುತ್ತದೆ. ಇಲೆಕ್ಟ್ರಾನು ದಾಟುವ ವೇಗ ಬದಲಾಗುತ್ತದೆ, ಅಳೆಯುವ ಪ್ರವಾಹವೂ ಬದಲಾಗುತ್ತದೆ. ಮದ್ದು ಬಿಟ್ಟುಹೋದರೆ ಎಳೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಕಿಣ್ವದಂತೆ ಇದು ಮದ್ದನ್ನು ಮುರಿಯುವುದಿಲ್ಲ. ಮುಟ್ಟಿ ನೋಡಿ ಬಿಡುತ್ತದೆ. ಗದ್ದಲದಲ್ಲೂ ಇದಕ್ಕೆ ಕಿವುಡಿಲ್ಲ, ಏಕೆಂದರೆ ಎಳೆ ಮಡಿಚಿಕೊಳ್ಳಬೇಕಾದರೆ ತನ್ನ ಅಣುವೇ ಬರಬೇಕು.

ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಕೆವಿನ್ ಪ್ಲಾಕ್ಸ್‌ಕೊ ಅವರ ತಂಡ ಈ ಹಾದಿಯಲ್ಲಿ ವರ್ಷಗಟ್ಟಲೆ ದುಡಿಯಿತು. 2010ರಲ್ಲಿ ನೀರು ಬೆರೆಸದ ರಕ್ತರಸದಲ್ಲೇ ಈ ಕುಟುಂಬದ ಮದ್ದುಗಳನ್ನು ಗುರುತಿಸಿ ತೋರಿಸಿತು. 2017ರಲ್ಲಿ ಇಂಥ ತಂತಿಯನ್ನು ಇಲಿಯ ರಕ್ತನಾಳದೊಳಕ್ಕೆ ಇಳಿಸಿದರು. ಅರಿವಳಿಕೆ ಕೊಟ್ಟು ಮಲಗಿಸಿದ ಇಲಿಗಳಲ್ಲಿ ಮಾತ್ರವಲ್ಲ, ಎಚ್ಚೆತ್ತು ಓಡಾಡುವ ಇಲಿಗಳಲ್ಲೂ ಮದ್ದಿನ ಏರಿಳಿತವನ್ನು ಕೆಲವೇ ಸೆಕೆಂಡುಗಳಿಗೊಮ್ಮೆ, ಗಂಟೆಗಟ್ಟಲೆ ಬರೆದುಕೊಂಡರು. ರಕ್ತದಲ್ಲಿ ತಂತಿಯ ಸಂಕೇತ ಹೊತ್ತು ಕಳೆದಂತೆ ಕುಗ್ಗುತ್ತದೆ. ಪೊರೆ ಕಟ್ಟುತ್ತದೆ, ಕೆಲವು ಎಳೆಗಳು ಕಳಚಿಕೊಳ್ಳುತ್ತವೆ. ಅದಕ್ಕೂ ಒಂದು ಜಾಣ ಪರಿಹಾರ: ಎರಡು ಬೇರೆ ಬೇರೆ ಆವರ್ತಗಳಲ್ಲಿ ಅಳೆಯುವುದು. ಮದ್ದು ಬಂದರೆ ಒಂದರಲ್ಲಿ ಪ್ರವಾಹ ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ. ಆದರೆ ಕುಗ್ಗುವಿಕೆ ಎರಡರಲ್ಲೂ ಹೆಚ್ಚುಕಡಮೆ ಸಮಾನ. ಒಂದರಿಂದ ಇನ್ನೊಂದನ್ನು ಕಳೆದರೆ ಕುಗ್ಗು ಬಹುಮಟ್ಟಿಗೆ ಹೊಡೆದುಹೋಗಿ ಮದ್ದಿನ ಮಾತು ಉಳಿಯುತ್ತದೆ. 2019ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವ್ಯಾಂಕೊಮೈಸಿನ್ ಎಂಬ ಮದ್ದನ್ನು ತಂತಿಯ ಮಾತು ಕೇಳಿ ಯಂತ್ರವೇ ಇಲಿಗೆ ಹೆಚ್ಚುಕಡಮೆ ಮಾಡಿ ಹನಿಸುವಂತೆ ಮಾಡಿದರು.

ಅದೇ 2019ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಪೆನಿಸಿಲಿನ್ ಗುಳಿಗೆ ತೆಗೆದುಕೊಂಡ ಹತ್ತು ಮಂದಿ ಆರೋಗ್ಯವಂತ ಸ್ವಯಂಸೇವಕರ ಚರ್ಮದ ಮೇಲೆ ಕೂದಲಿನಂಥ ಸೂಜಿಗಳ ಒಂದು ಪಟ್ಟಿಯನ್ನು ಒತ್ತಿ, ಚರ್ಮದಡಿಯ ದ್ರವದಲ್ಲಿ ಮದ್ದಿನ ಏರಿಳಿತವನ್ನು ಹಿಡಿದ ವರದಿ ಪ್ರಕಟಿಸಿದರು. ಸೂಜಿಗಳ ಮೈಗೆ ಸವರಿದ್ದು ಏನೆಂದು ಬಲ್ಲಿರಾ? ಚೇನ್ ಮತ್ತು ಏಬ್ರಹಾಂ 1940ರಲ್ಲಿ ಕಂಡ ಕಿಣ್ವದ ಜಾತಿಯದೇ. ಅಳೆದದ್ದು ಅದೇ ಆಮ್ಲತೆ. ಬೈಸಿಕಲ್ ಮಾತ್ರ ಇರಲಿಲ್ಲ.

ಇಷ್ಟೆಲ್ಲ ಇದ್ದರೂ ನಾನು ಉತ್ಪ್ರೇಕ್ಷೆ ಮಾಡಬಾರದು. ಇಲಿಯ ನಾಳದಲ್ಲಿ ಗಂಟೆಗಳ ಕಾಲ ನಿಂತ ತಂತಿಗೂ, ಆಸ್ಪತ್ರೆಯ ಹಾಸಿಗೆಯಲ್ಲಿ ವಾರಗಟ್ಟಲೆ ಮಲಗುವ ರೋಗಿಗೂ ನಡುವೆ ದೂರವಿದೆ. ಪ್ರತಿ ಮದ್ದಿಗೂ ಹೊಸ ಎಳೆ ಹುಡುಕಬೇಕು. ಅಕ್ಕನ ಕಾಲದಲ್ಲಿ ಇದು ಇದ್ದಿದ್ದರೆ ಅವಳು ಪಾರಾಗುತ್ತಿದ್ದಳು ಎಂದು ಪ್ರಮಾಣ ಮಾಡಿ ಹೇಳಲಾರೆ. ಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ ತಾಯಿಯಿಂದ ಬಂದ ಒಂದೇ ಒಂದು ಅಕ್ಷರದ ವ್ಯತ್ಯಾಸವಿದ್ದವರಲ್ಲಿ, ಮಿತಿಯೊಳಗಿನ ಮದ್ದೂ ಕಿವಿಯನ್ನು ಕೆಡಿಸಬಲ್ಲದು ಎಂದು 1993ರಲ್ಲಿ ತಿಳಿದುಬಂತು; ಅಂಥವರಿಗೆ ಮದ್ದಿನ ಅಳತೆಯೊಂದೇ ಸಾಲದು. ಆದರೆ ಅರೆಮೂಟೆ ತೂಕವಿಲ್ಲದ ಹುಡುಗಿಯ ರಕ್ತದಲ್ಲಿ ಎಷ್ಟು ಮದ್ದು ನಿಂತಿದೆ ಎಂದು ಒಬ್ಬರಾದರೂ ನೋಡಬಹುದಿತ್ತು. ತಲೆ ತಿರುಗುತ್ತದೆ ಎಂದವಳಿಗೆ ಹಾಲು ಮೊಟ್ಟೆಯ ಬದಲು ಒಂದು ಅಂಕಿಯ ಉತ್ತರ ಸಿಗಬಹುದಿತ್ತು.

ಕಳೆದ ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಈ ಚಿನ್ನದ ತಂತಿಯ ವೃತ್ತಾಂತವನ್ನು, ಕಾಗದದ ಮೇಲೆ ಚಿತ್ರ ಬರೆದು, ಅವಳಿಗೆ ವಿವರಿಸಿದೆ. ಮೇಷ್ಟರಾದವರ ಚಟ. ಅವಳು ತಾಳ್ಮೆಯಿಂದ ಕೇಳಿದಳು.

"ಆ ಇಲಿಗಳಿಗೆ ತಲೆ ತಿರುಗಿತ್ತೇನೋ?" ಎಂದಳು.

ಅದನ್ನು ಅವರು ಬರೆದಿಲ್ಲ ಅಕ್ಕ, ಅವರು ಅಳೆದದ್ದು ರಕ್ತದ ಮದ್ದನ್ನು ಮಾತ್ರ ಎಂದೆ.

"ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆನಲ್ಲ," ಎಂದು ನಕ್ಕಳು. ಅಷ್ಟರಲ್ಲಿ ಕರೆಂಟು ಹೋಯಿತು. ಅಂಗಳದ ಹಣತೆಗಳು ಅದಾಗಲೇ ಆರಿದ್ದವು. "ಎದ್ದೇಳು ಮಾರಾಯ, ಒಳಗೆ ಹೋಗಬೇಕು," ಎಂದು ಅಕ್ಕ ಕತ್ತಲಲ್ಲಿ ನನ್ನ ಕಡೆಗೆ ಕೈ ಚಾಚಿದಳು.